ಡೆಲ್ಫಿಗೆ ಹೋದವರು ಅಲ್ಲಿ ನಿಜವಾಗಿ ಏನು ಮಾಡುತ್ತಿದ್ದರು?

ಶಿರಸಿ_ರಂಗಮಂಚ

ನಮ್ಮ ಹವ್ಯಾಸಿ ತಂಡ ಈ ಸಲ ಹಳೇ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಈಡಿಪಸ್ ನಾಟಕ ಎತ್ತಿಕೊಂಡಿದೆ. ನನಗೆ ಕ್ರಿಯಾನ್ ಪಾತ್ರ. ಥೀಬ್ಸ್ ಊರಿಗೆ ಪಿಡುಗು ಬಡಿದಿದೆ, ಪರಿಹಾರ ಏನು ಅಂತ ಅಪೊಲೊ ದೇವರನ್ನು ಕೇಳಿಕೊಂಡು ಬರಲಿ ಎಂದು ಅಲ್ಲಿನ ರಾಜ ಈಡಿಪಸ್ ತನ್ನ ಭಾವಮೈದುನ ಕ್ರಿಯಾನ್‌ನನ್ನು ಡೆಲ್ಫಿಗೆ ಕಳಿಸಿದ್ದಾನೆ. ಅವನು ವಾಪಸ್ ಬರುವುದೇ ನನ್ನ ಪ್ರವೇಶ. ನಿರ್ದೇಶಕರು "ದೇವರು ಮೈಮೇಲೆ ಬಂದವರ ಹಾಗೆ ಮಾತಾಡು, ಸ್ವಲ್ಪ ನಡುಗು" ಅನ್ನುತ್ತಿದ್ದಾರೆ. ನನಗೆ ಯಾಕೋ ಸರಿ ಅನಿಸುತ್ತಿಲ್ಲ. ನಮ್ಮ ಕರಾವಳಿ ಕಡೆ ಭಾರ ಬಂದು ನುಡಿಯುತ್ತಾರಲ್ಲ, ಅಲ್ಲಿಯೂ ಹಾಗೇ ಇತ್ತಾ? ಹೋದವನು ಅಲ್ಲಿ ಯಾರನ್ನು ನೋಡುತ್ತಿದ್ದ, ಏನು ಕೇಳುತ್ತಿದ್ದ, ಉತ್ತರ ಒಗಟಿನ ಹಾಗೇ ಬರುತ್ತಿತ್ತಾ? ಗೊತ್ತಿದ್ದವರು ಹೇಳಿ.

ಅಘನಾಶಿನಿ_ದಂಡೆ

ನಡುಗಬೇಡ ಮಾರಾಯ. ನಡುಗುವ ಕೆಲಸ ಅಲ್ಲಿ ಆಡಿನದು.

ತಮಾಷೆ ಅಲ್ಲ. ಪರ್ನಾಸಸ್ ಬೆಟ್ಟದ ಮಗ್ಗುಲಲ್ಲಿರುವ ಊರು ಡೆಲ್ಫಿ. ಅಲ್ಲಿ ದೇವರ ಮಾತು ಹೇಳುವ ಹೆಂಗಸಿಗೆ ಪಿಥಿಯಾ ಅಂತ ಹೆಸರು. ಯಾವಾಗ ಬೇಕಾದರೂ ಹೋಗಿ ಕೇಳುವ ಹಾಗಿರಲಿಲ್ಲ. ಮೊದಲು ವರ್ಷಕ್ಕೆ ಒಂದೇ ದಿನ ಇತ್ತಂತೆ, ಆಮೇಲೆ ತಿಂಗಳಿಗೊಂದು ದಿನ, ಚಳಿಗಾಲದ ಮೂರು ತಿಂಗಳು ಅದೂ ಇಲ್ಲ. ಆ ದಿನವೂ ಮೊದಲು ಬಲಿಯ ಆಡಿನ ಮೇಲೆ ತಣ್ಣೀರು ಹಾಕುತ್ತಿದ್ದರು. ಆಡು ಕಾಲಿನ ಗೊರಸಿನವರೆಗೂ ನಡುಗಿದರೆ ದೇವರು ಒಪ್ಪಿದ ಹಾಗೆ, ಸುಮ್ಮನೆ ನಿಂತರೆ ಅವತ್ತು ಪ್ರಶ್ನೆ ಇಲ್ಲ. ಪ್ಲುಟಾರ್ಕ್ ಅಲ್ಲೇ ಅರ್ಚಕನಾಗಿದ್ದವನು, ಅವನೇ ಬರೆದಿದ್ದಾನೆ. ಒಮ್ಮೆ ಹೊರ ಊರಿಂದ ದೊಡ್ಡ ಜನ ಬಂದಿದ್ದರಂತೆ. ಆಡು ನಡುಗಲಿಲ್ಲ. ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ ಅಂತ ನೀರು ಸುರಿದು ಸುರಿದು ಅದನ್ನು ತೋಯಿಸಿ, ಹೇಗೋ ನಡುಗಿಸಿ, ಮನಸ್ಸಿಲ್ಲದ ಪಿಥಿಯಾಳನ್ನು ಒಳಗೆ ಕಳಿಸಿದರು. ಮೊದಲ ಮಾತಿಗೇ ಅವಳ ಗಂಟಲು ಕಟ್ಟಿತು. ಕಿರುಚುತ್ತಾ ಬಾಗಿಲ ಕಡೆ ಓಡಿಬಂದು ಬಿದ್ದಳು. ಕೇಳಲು ಬಂದವರೂ ಅರ್ಚಕರೂ ಹೆದರಿ ಓಡಿದರು. ಸ್ವಲ್ಪ ದಿನದಲ್ಲಿ ಅವಳು ಸತ್ತೇ ಹೋದಳು.

ಅಂದರೆ ಕಿರುಚಾಟ ಅಲ್ಲಿ ಅಪಶಕುನ, ದಿನದ ರೂಢಿ ಅಲ್ಲ. ನಿಮ್ಮ ನಾಟಕದಲ್ಲೇ ಈಡಿಪಸ್ "ಇಷ್ಟು ದಿನ ಯಾಕೆ ಬರಲಿಲ್ಲ" ಅಂತ ಲೆಕ್ಕ ಹಾಕುತ್ತಾನಲ್ಲ, ಆ ಮಾತು ಕೇಳುವಾಗ ಈ ತಿಂಗಳಿಗೊಂದು ದಿನದ ಪದ್ಧತಿ ನೆನಪಿರಲಿ.

ಬೈತಖೋಲದವ

ಅಷ್ಟೆಲ್ಲಾ ಭಕ್ತಿ ಬೇಡ. ದುಡ್ಡು ಕೊಟ್ಟವರಿಗೆ ಬೇಕಾದ ಉತ್ತರ ಸಿಗುತ್ತಿತ್ತು. ಸ್ಪಾರ್ಟಾದ ರಾಜ ಕ್ಲಿಯೊಮಿನೀಸ್ ತನ್ನ ಜೊತೆ ಆಳುತ್ತಿದ್ದ ಇನ್ನೊಬ್ಬ ರಾಜನನ್ನು ಇಳಿಸಬೇಕಿತ್ತು. ಅವನು ಹಿಂದಿನ ರಾಜನ ಮಗನೇ ಅಲ್ಲ ಅಂತ ಪಿಥಿಯಾ ಬಾಯಲ್ಲಿ ಹೇಳಿಸಿದ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಅವಳ ಹೆಸರನ್ನೂ ಬರೆದಿದ್ದಾನೆ, ಪೆರಿಯಲ್ಲಾ. ಮತ್ತೆ ಕೆಳಗಿಂದ ಅನಿಲ ಬರುತ್ತಿತ್ತು, ಅದರ ಅಮಲಲ್ಲಿ ಮಾತಾಡುತ್ತಿದ್ದಳು ಅಂತ ಎಲ್ಲೋ ಓದಿದ್ದೆ. ಇದರಲ್ಲಿ ದೇವರು ಎಲ್ಲಿಂದ ಬಂದ?

ಕುಮಟೆಯವಳು

ಬೈತಖೋಲದವರೇ, ಪೆರಿಯಲ್ಲಾ ಕತೆಯ ಅರ್ಧ ಮಾತ್ರ ಹೇಳಿದಿರಿ. ವಿಷಯ ಬಯಲಾದ ಮೇಲೆ ಅವಳ ಪದವಿ ಹೋಯಿತು, ನಡುವೆ ನಿಂತು ಅವಳನ್ನು ಒಪ್ಪಿಸಿದವನು ಡೆಲ್ಫಿ ಬಿಟ್ಟು ಓಡಿದ. ಲಂಚ ಇತ್ತು, ಆದರೆ ಅದು ಹಗರಣ ಆಗುವಷ್ಟು ನಂಬಿಕೆಯೂ ಇತ್ತು. ಅನಿಲದ ವಿಷಯ: 2001ರಲ್ಲಿ ಕೆಲವು ಭೂವಿಜ್ಞಾನಿಗಳು ಎಥಿಲೀನ್ ಅಂದರು, ಬೇರೆಯವರು ಅಲ್ಲಗಳೆದರು, ಜಗಳ ಮುಗಿದಿಲ್ಲ.

ಲಂಚದ ಭಯ ಅವರಿಗೂ ಇತ್ತು ಅನ್ನುವುದಕ್ಕೆ ಒಂದು ಶಾಸನವೇ ಇದೆ. ಕ್ರಿ.ಪೂ. 352ರ ಸುಮಾರಿಗೆ ಅಥೆನ್ಸಿನವರಿಗೆ ದೇವರ ಜಮೀನಿನಲ್ಲಿ ಬೇಸಾಯಕ್ಕೆ ಬಿಡಬೇಕೋ ಬೇಡವೋ ಅನ್ನುವ ಗೊಂದಲ. ಎರಡು ತವರದ ತಗಡಿನ ಮೇಲೆ ಎರಡು ಉತ್ತರ ಬರೆದು, ಸುತ್ತಿ, ಉಣ್ಣೆಯಲ್ಲಿ ಮುಚ್ಚಿ, ಕಲಸಿ, ಒಂದನ್ನು ಚಿನ್ನದ ಕೊಡಕ್ಕೆ ಒಂದನ್ನು ಬೆಳ್ಳಿ ಕೊಡಕ್ಕೆ ಹಾಕಿ ಮೊಹರು ಒತ್ತಿದರು. ಡೆಲ್ಫಿಯಲ್ಲಿ ಕೇಳಿದ್ದು ಇಷ್ಟೇ: ಚಿನ್ನದ ಕೊಡವೋ, ಬೆಳ್ಳಿಯದೋ? ಯಾವುದರಲ್ಲಿ ಏನಿದೆ ಅಂತ ಪಿಥಿಯಾಗೂ ಗೊತ್ತಿಲ್ಲ, ಹೋದವರಿಗೂ ಗೊತ್ತಿಲ್ಲ. ಇನ್ನು ಯಾರಿಗೆ ದುಡ್ಡು ಕೊಡುತ್ತೀರಿ? ನಮ್ಮಲ್ಲಿ ಮೂರ್ತಿಗೆ ಹೂವು ಅಂಟಿಸಿ, ಬಲಕ್ಕೆ ಬೀಳುತ್ತದೋ ಎಡಕ್ಕೋ ಅಂತ ಪ್ರಸಾದ ಕೇಳುತ್ತೇವಲ್ಲ, ಹೆಚ್ಚು ಕಡಿಮೆ ಆ ಜಾತಿಯದು. ಭವಿಷ್ಯ ತಿಳಿಯುವುದಕ್ಕಿಂತ ಊರಿನ ಜಗಳ ಮುಗಿಸುವುದು ಮುಖ್ಯ.

ಒಗಟಿನ ಉತ್ತರಗಳು ಜಾಸ್ತಿ ಇರುವುದು ಕತೆಗಳಲ್ಲಿ. ಪರ್ಷಿಯಾ ಮೇಲೆ ದಂಡೆತ್ತಿ ಹೋದರೆ ದೊಡ್ಡ ಸಾಮ್ರಾಜ್ಯವೊಂದು ನಾಶವಾಗುತ್ತದೆ ಅಂತ ಕ್ರೀಸಸ್ ರಾಜನಿಗೆ ಹೇಳಿ, ಕೊನೆಗೆ ನಾಶವಾಗಿದ್ದು ಅವನದೇ ಅನ್ನುವ ಕತೆ ಎಲ್ಲರಿಗೂ ಗೊತ್ತು. ಜನ ನಿಜವಾಗಿ ಕೇಳುತ್ತಿದ್ದದ್ದು ನೋಡಬೇಕಾದರೆ ಡೊಡೋನಾಗೆ ಹೋಗಿ. ಉತ್ತರ ಗ್ರೀಸಿನಲ್ಲಿ ಓಕ್ ಮರದ ಕೆಳಗೆ ಜ್ಯೂಸ್ ದೇವರನ್ನು ಕೇಳುವ ಜಾಗ. ಪ್ರಶ್ನೆಯನ್ನು ತೆಳ್ಳನೆ ಸೀಸದ ಪಟ್ಟಿಯ ಮೇಲೆ ಕೊರೆದು ಮಡಚಿ ಕೊಡುತ್ತಿದ್ದರು. ಅಂಥವು 4,000ಕ್ಕೂ ಹೆಚ್ಚು ಓದಲು ಸಿಕ್ಕಿವೆ. ಏಗಿಸ್ ಅನ್ನುವವನ ಹೊದಿಕೆ, ತಲೆದಿಂಬು ಕಾಣೆಯಾಗಿವೆ, ಹೊರಗಿನವರು ಯಾರಾದರೂ ಕದ್ದರಾ ಅಂತ ಕೇಳುತ್ತಾನೆ. ಕ್ಲಿಯೊಟಾಸನಿಗೆ ಕುರಿ ಸಾಕಿದರೆ ಲಾಭವಾ ಅಂತ ಚಿಂತೆ. ಲಿಸಾನಿಯಾಸ್ ಕೇಳುವುದು, ಅನ್ನೂಲಾ ಹೊಟ್ಟೆಯಲ್ಲಿರುವ ಮಗು ನನ್ನದಲ್ಲವಾ ಅಂತ. ಇದನ್ನು ಓದಿದಾಗ ನನಗೆ ಪಾಪ ಅನಿಸಿದ್ದು ಅನ್ನೂಲಾ ಬಗ್ಗೆ, ಅವಳ ಪಟ್ಟಿ ಸಿಕ್ಕಿಲ್ಲ.

ಕೇಳುವವರೇನು ಕಡಿಮೆ ಜಾಣರಲ್ಲ. ಝೆನೊಫೊನ್ ಅನ್ನುವ ಹುಡುಗ ಪರ್ಷಿಯಾದ ರಾಜಕುಮಾರನ ಜೊತೆ ಹೋಗಲು ತುದಿಗಾಲಲ್ಲಿದ್ದ. ಸಾಕ್ರಟೀಸ್ "ಡೆಲ್ಫಿಗೆ ಹೋಗಿ ದೇವರನ್ನು ಕೇಳು" ಅಂದ. ಇವನು ಹೋಗಿ, ಹೋಗಲಾ ಬೇಡವಾ ಅಂತ ಕೇಳಲೇ ಇಲ್ಲ. ಯಾವ ಯಾವ ದೇವರಿಗೆ ಪೂಜೆ ಕೊಟ್ಟರೆ ಪ್ರಯಾಣ ಚೆನ್ನಾಗಾಗುತ್ತದೆ ಅಂತ ಕೇಳಿದ! ಉತ್ತರವೂ ಸಿಕ್ಕಿತು. ಸಾಕ್ರಟೀಸ್ ಬೈದ. ಆಮೇಲೆ, ಹೀಗೆ ಕೇಳಿಯಾಯಿತಲ್ಲ, ಇನ್ನು ದೇವರು ಹೇಳಿದಂತೆ ಪೂಜೆ ಮುಗಿಸಿ ಹೊರಡು ಅಂದ. ಮನಸ್ಸಿನಲ್ಲಿ ಮೊದಲೇ ತೀರ್ಮಾನ ಮಾಡಿಕೊಂಡು ಮುಹೂರ್ತ ಕೇಳಲು ಹೋಗುವವರು ನಮ್ಮೂರಲ್ಲೂ ಏನು ಕಡಿಮೆ ಇದ್ದಾರಾ?

ಈಗ ನಿಮ್ಮ ಕ್ರಿಯಾನ್. ಅವನು ತರುವ ಉತ್ತರ ನೋಡಿ. ಊರಿಗೆ ಮೈಲಿಗೆ ತಗಲಿದೆ, ಹಿಂದಿನ ರಾಜ ಲೇಯಸ್‌ನನ್ನು ಕೊಂದವರು ಇಲ್ಲೇ ಇದ್ದಾರೆ, ಹಿಡಿದು ಶಿಕ್ಷಿಸಿ. ಇದರಲ್ಲಿ ಒಗಟು ಎಲ್ಲಿದೆ? ದೇವರು ನೆಟ್ಟಗೇ ಹೇಳಿದ್ದಾನೆ. ಗೋಜಲು ಇರುವುದು ಈಡಿಪಸ್‌ಗೆ ತಾನು ಯಾರು, ಕೊಂದವನು ತಾನೇ ಅಂತ ಗೊತ್ತಿಲ್ಲದೆ ಇರುವುದರಲ್ಲಿ. ನೀವು ನಡುಗಿ ಮಾತಾಡಿದರೆ ಪ್ರೇಕ್ಷಕರು ಗುಟ್ಟು ನಿಮ್ಮ ಮಾತಲ್ಲೇ ಇದೆ ಅಂದುಕೊಳ್ಳುತ್ತಾರೆ. ಕೋರ್ಟಿನ ತೀರ್ಪು ಕೇಳಿಕೊಂಡು ಬಂದವರ ಹಾಗೆ ಹೇಳಿ. ಮೊದಲು "ಎಲ್ಲರ ಮುಂದೆ ಹೇಳಲಾ, ಒಳಗೆ ಹೋಗೋಣವಾ" ಅಂತ ಕೇಳುತ್ತಾನೆ ನೋಡಿ, ಅಲ್ಲಿ ಸ್ವಲ್ಪ ನಿಲ್ಲಿ.

ಬೈತಖೋಲದವ

ಕೊಡದ ವಿಷಯ ಒಪ್ಪಿದೆ ಅಕ್ಕಾ. ಪಿಥಿಯಾ ನಾಣ್ಯ ಚಿಮ್ಮಿದ್ದರೂ ಅದೇ ಆಗುತ್ತಿತ್ತು ಅನ್ನುವುದು ಮಾತ್ರ ಬಿಡಲ್ಲ.

ಶಿರಸಿ_ರಂಗಮಂಚ

ಕುಮಟೆ ಅಕ್ಕ, ನಿಮ್ಮ ಕೊನೆಯ ಪ್ಯಾರಾ ನಿರ್ದೇಶಕರಿಗೆ ಕಳಿಸಿದೆ. "ಸರಿ, ನಡುಗಬೇಡ, ಆದರೆ ತಲೆಗೆ ಏನು ಕಟ್ಟುತ್ತೀಯ" ಅಂತ ಕೇಳಿದ್ದಾರೆ. ಸ್ಕ್ರಿಪ್ಟಿನಲ್ಲಿ ಎಲೆಯ ಕಿರೀಟ ಅಂತಿದೆ.

ಅಘನಾಶಿನಿ_ದಂಡೆ

ಲಾರೆಲ್ ಎಲೆ, ಅಪೊಲೊನ ಗಿಡ. ಕಾಯಿ ಬಿಟ್ಟ ಟೊಂಗೆಯನ್ನೇ ಮುಡಿದಿರಬೇಕು, ಅದನ್ನು ದೂರದಿಂದ ನೋಡಿಯೇ ಪೂಜಾರಿ ಸುದ್ದಿ ಒಳ್ಳೆಯದಿರಬೇಕು ಅನ್ನುತ್ತಾನೆ. ಶಿರಸಿಯಲ್ಲಿ ಲಾರೆಲ್ ಎಲ್ಲಿ ಹುಡುಕುತ್ತೀರಿ, ದಾಲ್ಚಿನ್ನಿ ಎಲೆ ಕಟ್ಟಿ. ಎರಡೂ ಒಂದೇ ಕುಟುಂಬದ ಗಿಡ, ಹಿಂದಿನ ಸಾಲಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. ಕಾಯಿ ಸಿಗದಿದ್ದರೆ ಕಪ್ಪು ಮಣಿ ಪೋಣಿಸಿ. ಹಿಂದಿನ ದಿನವೇ ಕಟ್ಟಿಡಬೇಡಿ, ಲೈಟಿನ ಬಿಸಿಗೆ ಬಾಡುತ್ತದೆ.