14 ತಿಂಗಳಿಗೇ ಕಾರಿನ ಪಿಪಿಎಫ್ ಅಂಚು ಎದ್ದಿದೆ, ಏನು ಮಾಡಲಿ?

ಆಲ್ದೂರು_ಅರೇಬಿಕಾ:
ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಹೊಸ ಕಾರಿಗೆ 85 ಸಾವಿರ ಕೊಟ್ಟು ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸಿದೆ. ಈಗ 14 ತಿಂಗಳು. ಮುಂದಿನ ಬಂಪರ್ ಅಂಚೆಲ್ಲ ಎದ್ದು ಒಳಗೆ ಕೆಮ್ಮಣ್ಣು ಕೂತಿದೆ. ಐದು ವರ್ಷ ವಾರಂಟಿ ಅಂದಿದ್ದರು. ಕೇಳಿದರೆ ‘ಅಂಚು ವಾರಂಟಿಗೆ ಬರಲ್ಲ ಸಾರ್’ ಅನ್ನುತ್ತಾರೆ. ದಿನಾ ಚಿಕ್ಕಮಗಳೂರಿಗೆ ಹೋಗಿ ಬರುವುದು, ಅಷ್ಟೇ ಓಡಾಟ.

ಹಾಸನ_ಡೀಸೆಲ್:
ಅಗ್ಗದ ಟಿಪಿಎಚ್ ಫಿಲ್ಮ್ ಅಂಟಿಸಿ ದುಬಾರಿ ಟಿಪಿಯು ಫಿಲ್ಮಿನ ದುಡ್ಡು ತಗೊಂಡಿದ್ದಾರೆ. ಟಿಪಿಯು ಅಂದರೆ ಪಾಲಿಯುರೆಥೇನ್, ಟಿಪಿಎಚ್ ಅಂದರೆ ಪಿವಿಸಿ ಜಾತಿಯದೇ. ಪಿವಿಸಿಯನ್ನು ಮೆತ್ತಗಿಡೋ ಅಂಶ ಬಿಸಿಲಿಗೆ ಹೋಗ್ತಾ ಹೋಗ್ತಾ ಫಿಲ್ಮ್ ಗಡುಸಾಗಿ ಅಂಚು ಮುದುಡುತ್ತೆ, ಹಳದಿಯೂ ಆಗುತ್ತೆ.

ಆಲ್ದೂರು_ಅರೇಬಿಕಾ:
ಬಿಲ್ಲಿನಲ್ಲಿ ‘ಪಿಪಿಎಫ್’ ಅಂತ ಮಾತ್ರ ಇದೆ. ಹಳದಿ ಏನೂ ಆಗಿಲ್ಲ. ಬಾನೆಟ್, ಬಾಗಿಲು ಹೊಸದರ ಹಾಗೇ ಇವೆ.

ಹಾಸನ_ಡೀಸೆಲ್:
ಆದರೂ ಟಿಪಿಎಚ್ಚೇ. ಸಣ್ಣ ಗೀರಿನ ಮೇಲೆ ಬಿಸಿನೀರು ಸುರಿಯಿರಿ. ಗೀರು ಮಾಯವಾಗದಿದ್ದರೆ ನಾನು ಹೇಳಿದ್ದೇ ಸರಿ.

ಸಕಲೇಶಪುರ_ಮಳೆ:
ಆ ಪರೀಕ್ಷೆಯಲ್ಲಿ ಗೊತ್ತಾಗುವುದು ಮೇಲ್ಪದರದ ಕಥೆ ಮಾತ್ರ. ಗೀರು ಮಾಯವಾಗುವ ಟಿಪಿಎಚ್ಚೂ ಸಿಗುತ್ತೆ. ಬಂಪರ್ ಒಂದೇ ಎದ್ದಿದೆ ಅಂದರೆ ಫಿಲ್ಮಿನ ಜಾತಿ ಯಾಕೆ ಹುಡುಕಬೇಕು? ಯಾವ ತಿಂಗಳು ಹಾಕಿಸಿದಿರಿ? ಹೇಗೆ ತೊಳೆಯುತ್ತೀರಿ?

ಹಾಸನ_ಡೀಸೆಲ್:
ಅನುಭವದ ಮೇಲೆ ಹೇಳ್ತಿದ್ದೀನಿ ಸ್ವಾಮಿ. ನನ್ನ ಗಾಡಿ ಶಿರಾಡಿಯಲ್ಲಿ ಮೂರು ವರ್ಷದಿಂದ ಓಡ್ತಿದೆ, 8 ಮಿಲ್ ದಪ್ಪದ ಟಿಪಿಯು, ಒಂದು ಅಂಚೂ ಎದ್ದಿಲ್ಲ.

ಕೊಟ್ಟಿಗೆಹಾರ_4x4:
ಶಿರಾಡಿ ಒಂದು ಘಾಟಿನಾ? ಚಾರ್ಮಾಡಿಗೆ ಬನ್ನಿ. ನನ್ನ ಹಳೇ ಜೀಪಿಗೆ ಫಿಲ್ಮೂ ಇಲ್ಲ, ಈಗ ಬಣ್ಣವೂ ಇಲ್ಲ. ತಲೆನೋವೇ ಇಲ್ಲ 😄

ಆಲ್ದೂರು_ಅರೇಬಿಕಾ:
ಜುಲೈನಲ್ಲಿ ಹಾಕಿಸಿದ್ದು. ನಾಲ್ಕನೇ ದಿನಕ್ಕೇ ಪೂರ್ತಿ ಕೆಸರಾಯ್ತು, ತೊಳೆದೆ. ಮನೆಯಲ್ಲೇ, ತೋಟಕ್ಕೆ ಔಷಧಿ ಹೊಡೆಯುವ ಹೈ ಪ್ರೆಶರ್ ಎಚ್‌ಟಿಪಿ ಪಂಪಿನಲ್ಲಿ. ಎಲ್ಲರೂ ಹಾಗೇ ತೊಳೆಯೋದು ಅಲ್ವಾ?

ಸಕಲೇಶಪುರ_ಮಳೆ:
ಮಾರಾಯ್ರೇ, ಇದನ್ನು ಮೊದಲೇ ಹೇಳಬಾರದಿತ್ತಾ! ಫಿಲ್ಮ್ ಕೂರಿಸುವಾಗ ಅಡಿಗೆ ಸೋಪಿನ ನೀರು ಹಾಕಿರುತ್ತಾರೆ. ಅದು ಆರಿ ಅಂಟು ಹಿಡಿಯುವವರೆಗೆ ಕಡಿಮೆ ಅಂದರೂ ಒಂದು ವಾರ ತೊಳೆಯಬಾರದು. ಮಲೆನಾಡಿನ ಜುಲೈನಲ್ಲಿ ಬಟ್ಟೆಯೇ ಒಣಗಲ್ಲ, ಇದು ನಾಲ್ಕು ದಿನಕ್ಕೆ ಆರುತ್ತಾ? ಬಂಪರಿನಲ್ಲಿ ತಿರುವು ಜಾಸ್ತಿ, ಎಳೆದು ಕೂರಿಸಿದ ಫಿಲ್ಮ್ ಹಿಂದಕ್ಕೆ ಹೋಗಲು ಕಾಯ್ತಾ ಇರುತ್ತೆ. ಅಲ್ಲಿಗೇ ಗನ್ ಹತ್ತಿರ ಹಿಡಿದು ಹೊಡೆದಿದ್ದೀರಿ.

ಕೊಟ್ಟಿಗೆಹಾರ_4x4:
ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ಪಂಪಲ್ಲೇ ಕಾರು ತೊಳೀತೀರಾ? ಮೈಲುತುತ್ತ, ಸುಣ್ಣ ಎಲ್ಲ ಕಾರಿಗೇ! ಅಂದಹಾಗೆ ಈ ಸಲ ಎಷ್ಟು ಪರ್ಸೆಂಟ್ ಹೊಡೆದಿರಿ?

ಆಲ್ದೂರು_ಅರೇಬಿಕಾ:
ಪಂಪು ತೊಳೆದೇ ಬಳಸೋದು. ಕಾಫಿಗೆ ಅರ್ಧ, ಅಡಿಕೆಗೆ ಒಂದು ಪರ್ಸೆಂಟ್. ಅದಿರಲಿ, ಎದ್ದ ಅಂಚಿಗೆ ಫೆವಿಕ್ವಿಕ್ ಹಾಕಿದರೆ ನಿಲ್ಲುತ್ತಾ?

ಸಕಲೇಶಪುರ_ಮಳೆ:
ಬೇಡವೇ ಬೇಡ, ಬಣ್ಣ ಹಾಳಾಗುತ್ತೆ. ಅಂಟಿಗೆ ಮಣ್ಣು ಹತ್ತಿದ ಮೇಲೆ ಅದು ಮತ್ತೆ ಹಿಡಿಯಲ್ಲ. ಬಂಪರ್ ಒಂದರದ್ದೇ ತೆಗೆಸಿ, ಹೊಸದು ಹಾಕಿಸಿ, ಅಂಚನ್ನು ಒಳಗೆ ಮಡಚಲು ಹೇಳಿ. ಬಂಪರಿಗೆ ಯಾವಾಗಾದರೂ ಮತ್ತೆ ಪೇಂಟ್ ಮಾಡಿಸಿದ್ದರೆ ಮೊದಲೇ ತಿಳಿಸಿ. ಫಿಲ್ಮಿನ ಜೊತೆ ಆ ಬಣ್ಣವೂ ಕಿತ್ತು ಬರಬಹುದು.

ಆಲ್ದೂರು_ಅರೇಬಿಕಾ:
ಅಯ್ಯೋ. ಯುಗಾದಿ ಹೊತ್ತಿಗೆ ಗೇಟಿಗೆ ತಾಗಿಸಿದ್ದೆ, ಮೂಲೆಗೆ ಟಚ್‌ಅಪ್ ಆಗಿದೆ.

ಹಾಸನ_ಡೀಸೆಲ್:
ಬಿಸಿನೀರು ಸುರಿದು ನೋಡಿದಿರಾ?