ಕೈಲಾಸ ದೃಶ್ಯದಲ್ಲಿ ಡ್ರೈ ಐಸ್ ಮಂಜು ಎರಡೇ ನಿಮಿಷಕ್ಕೆ ನಿಂತಿತು, ಹಾರ್ಮೋನಿಯಂ ಮಾಸ್ತರರಿಗೆ ತಲೆ ಸಿಡಿಯಿತು: ಕಾರಣವೇನು?

ಪ್ರಶ್ನೆ, ಜೇವರ್ಗಿ ತಾಲ್ಲೂಕಿನಿಂದ

ಮಾನ್ಯರೆ, ನಮ್ಮ ಊರಿನ ಜಾತ್ರೆಗೆ ಹವ್ಯಾಸಿಗಳೇ ಸೇರಿ ಪ್ರತಿವರ್ಷ ಒಂದು ಪೌರಾಣಿಕ ನಾಟಕ ಆಡುತ್ತೇವೆ. ಈ ಏಪ್ರಿಲ್‌ನಲ್ಲಿ ಕೈಲಾಸದ ದೃಶ್ಯಕ್ಕೆಂದು ಹೈದರಾಬಾದಿನಿಂದ 10 ಕೆ.ಜಿ. ಡ್ರೈ ಐಸ್ ತರಿಸಿದೆವು. ಸೀಮೆಸುಣ್ಣದ ತುಂಡುಗಳಂತಹ ಸಣ್ಣ ಸಣ್ಣ ತುಣುಕುಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತುಂಬಿ ಕೊಟ್ಟಿದ್ದರು. ಶುಕ್ರವಾರ ಮಧ್ಯಾಹ್ನ ಕೊಂಡದ್ದನ್ನು ಶನಿವಾರ ರಾತ್ರಿ ಹನ್ನೊಂದಕ್ಕೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ಐದು ಕೆ.ಜಿ.ಗಿಂತ ತುಸು ಹೆಚ್ಚು ಉಳಿದಿತ್ತು, ಪೆಟ್ಟಿಗೆಯಲ್ಲಿ ಒಂದು ಹನಿ ನೀರೂ ಇರಲಿಲ್ಲ. ಉಳಿದಷ್ಟನ್ನೂ ಹತ್ತು ಲೀಟರ್ ತೊಟ್ಟಿಯ ನೀರಿದ್ದ ಬಕೆಟ್ಟಿಗೆ ಒಮ್ಮೆಲೇ ಸುರಿದೆವು. ಮಂಜು ಉಕ್ಕಿ ಹರಿಯಿತು, ಆದರೆ ಶಿವನು ಎರಡನೆಯ ಮಾತು ಆಡುವಷ್ಟರಲ್ಲಿ ನಿಂತುಹೋಯಿತು. ಹರಡಿದ್ದ ಮಂಜು ಸಹ ಕ್ಷಣದಲ್ಲಿ ಮಾಯವಾಯಿತು.

ಇದರ ಜೊತೆಗೆ ರಂಗದ ಮುಂದಿನ ತಗ್ಗಿನಲ್ಲಿ, ಮೂರು ಕಡೆ ತಾಡಪತ್ರಿ ಕಟ್ಟಿದ ಜಾಗದಲ್ಲಿ ಕುಳಿತಿದ್ದ ಹಾರ್ಮೋನಿಯಂ ಮಾಸ್ತರರಿಗೂ ತಬಲಾದವರಿಗೂ ತಲೆನೋವು ಬಂದು ಏದುಸಿರು ಹತ್ತಿತು. ಎಲ್ಲರೂ ಸೆಕೆಯಿಂದ ಬಂದ ಆಯಾಸವೆಂದರು. ಮುಂದಿನ ತಿಂಗಳು ಯಾದಗಿರಿ ಕಡೆ ಇದೇ ನಾಟಕವಿದೆ. ಫ್ರಿಜ್ಜಿನಲ್ಲಿಟ್ಟರೆ ಅಥವಾ ಹಾಲಿನ ಕ್ಯಾನಿನಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಡ್ರೈ ಐಸ್ ಉಳಿಯುತ್ತದೆಯೇ?

ಉತ್ತರ, ಕಲಬುರಗಿಯಿಂದ

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ನೀವು ಕೊನೆಗೆ ಬರೆದದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಮಾಸ್ತರರಿಗೆ ಆದದ್ದು ಬರೀ ಸೆಕೆಯ ಆಯಾಸವಾಗಿರಲಾರದು.

ಡ್ರೈ ಐಸ್ ಎಂಬುದು ಘನರೂಪದ ಇಂಗಾಲದ ಡೈಆಕ್ಸೈಡ್. ಅದು ದ್ರವವಾಗಬೇಕಾದರೆ ವಾತಾವರಣದ ಐದು ಪಟ್ಟಿಗಿಂತ ಹೆಚ್ಚಿನ ಒತ್ತಡ ಬೇಕು. ಆದ್ದರಿಂದ ನಮ್ಮ ನಡುವೆ ಅದು ಕರಗುವುದೇ ಇಲ್ಲ, ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೇರವಾಗಿ ಅನಿಲವಾಗುತ್ತದೆ. ಶಾಲೆಯ ಪುಸ್ತಕದಲ್ಲಿ ಉತ್ಪತನ ಎಂದು ಓದಿದ್ದು ಇದನ್ನೇ, ಪೆಟ್ಟಿಗೆಯಲ್ಲಿ ನೀರು ಕಾಣದಿದ್ದುದೂ ಇದಕ್ಕೇ. ಒಂದು ಕೆ.ಜಿ.ಯಿಂದ ಸುಮಾರು 550 ಲೀಟರ್ ಅನಿಲ ಹೊರಡುತ್ತದೆ. ಆ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರವಾಗಿರುವುದರಿಂದ, ಮೇಲಾಗಿ ತಣ್ಣಗಿರುವುದರಿಂದ, ಹೊಲದ ನೀರು ಬದುವಿನ ಕೆಳಗೆ ಇಳಿಯುವ ಹಾಗೆ ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ನಿಮ್ಮ ಬಕೆಟ್ಟಿನಲ್ಲಿ ಎರಡು ಕೆ.ಜಿ. ಮಾತ್ರ ಆವಿಯಾಗಿದ್ದರೂ ಸಾವಿರ ಲೀಟರಿಗೆ ಮಿಕ್ಕಿ ಅನಿಲ ಬಂದಿರಬೇಕು. ಮಾಸ್ತರರು ಕುಳಿತ ತಗ್ಗು ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಆಳವಿತ್ತೆಂದು ಹಿಡಿದರೆ, ಆ ಅನಿಲದ ಕಾಲುಭಾಗ ಅಲ್ಲಿಗಿಳಿದರೂ ಅದರ ಪ್ರಮಾಣ ನೂರಕ್ಕೆ ನಾಲ್ಕನ್ನು ದಾಟುತ್ತದೆ. ಸಾಮಾನ್ಯ ಗಾಳಿಯಲ್ಲಿ ಅದು ನೂರಕ್ಕೆ 0.04ರಷ್ಟಿದೆ. ನೂರಕ್ಕೆ ಮೂರು ನಾಲ್ಕರ ಹೊತ್ತಿಗೆ ತಲೆನೋವು, ಏದುಸಿರು ಕಾಣಿಸಿಕೊಳ್ಳುತ್ತವೆ. ಹತ್ತನ್ನು ಮೀರಿದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಸಂಗತಿಯಿದೆ. ಕಣ್ಣಿಗೆ ಕಾಣುವ ಬಿಳಿ ಮಂಜು ಇಂಗಾಲದ ಡೈಆಕ್ಸೈಡ್ ಅಲ್ಲ, ಅದು ಚಳಿಗೆ ಹನಿಗಟ್ಟಿದ ನೀರಾವಿ. ನಮ್ಮ ಏಪ್ರಿಲ್‌ನ ಒಣಗಾಳಿ ಆ ಹನಿಗಳನ್ನು ಬೇಗ ಹೀರಿಬಿಡುತ್ತದೆ, ಅನಿಲ ಮಾತ್ರ ಅಲ್ಲಿಯೇ ಉಳಿಯುತ್ತದೆ. ಮಂಜು ಹೋಯಿತೆಂದು ನೀವು ಬೇಸರಪಟ್ಟ ಹೊತ್ತಿನಲ್ಲಿಯೇ ಮಾಸ್ತರರು ಅದನ್ನು ಉಸಿರಾಡುತ್ತಿದ್ದರು. ವಾದ್ಯದವರನ್ನು ರಂಗದ ಮಟ್ಟಕ್ಕಿಂತ ಎತ್ತರದಲ್ಲಿ, ಪಕ್ಕಕ್ಕೆ ಕೂರಿಸಿ ತಾಡಪತ್ರಿ ಬಿಚ್ಚಿಬಿಡಿ. ಆ ದೃಶ್ಯದಲ್ಲಿ ಯಾರೂ ನೆಲದ ಮೇಲೆ ಮಲಗುವಂತಿರಬಾರದು, ಮೂರ್ಛೆ ಹೋಗುವ ಪಾತ್ರವಿದ್ದರೆ ಅದನ್ನು ಬೇರೆ ದೃಶ್ಯಕ್ಕೆ ಹಾಕಿ.

ಬಕೆಟ್ಟಿನ ಲೆಕ್ಕ ಸರಳ. ಒಂದು ಕೆ.ಜಿ. ಡ್ರೈ ಐಸ್ ಅನಿಲವಾಗಲು ಸುಮಾರು 570 ಕಿಲೋಜೂಲ್ ಶಾಖ ಬೇಕು, ಅದನ್ನು ಅದು ನೀರಿನಿಂದಲೇ ಎಳೆದುಕೊಳ್ಳುತ್ತದೆ. 35 ಡಿಗ್ರಿಯ ಹತ್ತು ಲೀಟರ್ ನೀರು 5 ಡಿಗ್ರಿಗೆ ಇಳಿಯಲು ಎರಡು ಕೆ.ಜಿ. ಸಾಕು. ಮುಂದೆ ಪ್ರತಿ ತುಣುಕಿನ ಸುತ್ತಲೂ ನೀರು ಹೆಪ್ಪುಗಟ್ಟಿ ಅದಕ್ಕೆ ಕವಚವಾಗುತ್ತದೆ. ನಿಮ್ಮ ಡ್ರೈ ಐಸ್‌ನ ಅರ್ಧಕ್ಕಿಂತ ಹೆಚ್ಚು ಆ ಕವಚದೊಳಗೇ ಸಿಕ್ಕಿಬಿದ್ದಿತ್ತು. ಐವತ್ತು ಲೀಟರಿನ ಡ್ರಮ್ಮಿನಲ್ಲಿ 60 ಡಿಗ್ರಿಯಷ್ಟು ಬಿಸಿನೀರು ತೆಗೆದುಕೊಳ್ಳಿ, ಉದ್ದ ಹಿಡಿಯ ಸ್ಟೀಲ್ ಜಾಲರಿಯಲ್ಲಿ ಒಂದೊಂದು ಕೆ.ಜಿ.ಯಂತೆ ಮುಳುಗಿಸಿ, ಸಾಕೆನಿಸಿದಾಗ ಮೇಲೆತ್ತಿ. ಬಿಸಿನೀರಿನ ಆವಿಯೂ ಸೇರುವುದರಿಂದ ಮಂಜು ದಟ್ಟವಾಗಿ ಬರುತ್ತದೆ. ನೀರು ಆರುತ್ತದೆಂದು ವಿದ್ಯುತ್ ಕಾಯಿಲನ್ನು ಮಾತ್ರ ಅದರೊಳಗೆ ಬಿಡಬೇಡಿ.

ಉತ್ತರ, ಬೀದರ್‌ನಿಂದ

ನಾನು ಐಸ್‌ಕ್ರೀಮ್ ಸಾಗಣೆಯಲ್ಲಿರುವವನು, ಆದ್ದರಿಂದ ದಾಸ್ತಾನಿನ ಬಗ್ಗೆ ಬರೆಯುತ್ತೇನೆ. ಹಾಲಿನ ಕ್ಯಾನಿನ ಯೋಚನೆಯನ್ನು ಇಂದೇ ಬಿಟ್ಟುಬಿಡಿ. ಬಿಗಿಯಾಗಿ ಮುಚ್ಚಿದ ಕ್ಯಾನು, ಬಾಟಲಿ, ಸ್ಟೀಲ್ ಡಬ್ಬಿ ಯಾವುದೇ ಆಗಲಿ, ಒಳಗೆ ಒತ್ತಡ ಏರಿ ಬಾಂಬಿನಂತೆ ಸಿಡಿಯುತ್ತದೆ. ಫ್ರಿಜ್ಜಿನಿಂದ ಪ್ರಯೋಜನವಿಲ್ಲ. ಅದರ ಫ್ರೀಜರು ಮೈನಸ್ 18 ಡಿಗ್ರಿಯಲ್ಲಿರುತ್ತದೆ, ಡ್ರೈ ಐಸ್‌ಗೆ ಅದು ಒಲೆಯ ಪಕ್ಕ ಕುಳಿತಂತೆಯೇ ಸರಿ.

ತುಣುಕುಗಳ ಬದಲು ಇಡೀ ಗಟ್ಟಿಯನ್ನೇ ಕೇಳಿ ತರಿಸಿ. ಗಟ್ಟಿಗೆ ಗಾಳಿ ತಾಗುವ ಮೈ ಕಡಿಮೆ, ಸವೆತವೂ ಕಡಿಮೆ. ದಪ್ಪ ಗೋಡೆಯ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಖಾಲಿ ಜಾಗಕ್ಕೆ ಹಳೆಯ ಪತ್ರಿಕೆ ತುರುಕಿ, ಮುಚ್ಚಳಕ್ಕೆ ಟೇಪು ಹಚ್ಚದೆ ಮೇಲೊಂದು ಕೌದಿ ಹೊದಿಸಿ. ನಾಟಕದ ದಿನ ಬೆಳಿಗ್ಗೆಯೇ ಕೊಂಡರೆ ಇನ್ನೂ ಒಳ್ಳೆಯದು. ಹೈದರಾಬಾದಿನಿಂದ ಬರುವಾಗ ಕಾರಿನ ಕಿಟಕಿ ತೆರೆದಿರಲಿ, ಎ.ಸಿ. ಹಾಕಿ ಗಾಜು ಏರಿಸಿ ಕೂತರೆ ಮಾಸ್ತರರ ಅನುಭವ ಚಾಲಕನಿಗೆ ಆದೀತು. ಮುಟ್ಟುವಾಗ ಒಣಗಿದ ಚರ್ಮದ ಕೈಗವಸು ಬೇಕು, ಬರಿಗೈಗೆ ಸುಟ್ಟಂತಹ ಗಾಯವಾಗುತ್ತದೆ. ಮಕ್ಕಳು ಬಾಯಿಗಿಡದಂತೆ ಒಬ್ಬರನ್ನು ಕಾವಲಿರಿಸಿ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ನಂತರ ಬಾಯಿಗೆ ತಂಪೆಂದು ಕೊಟ್ಟ ಡ್ರೈ ಐಸ್ ತಿಂದು ದೊಡ್ಡವರೇ ಐದು ಮಂದಿ ರಕ್ತ ಕಾರಿ ಆಸ್ಪತ್ರೆ ಸೇರಿದ್ದರು.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ಇಬ್ಬರಿಗೂ ಕೃತಜ್ಞತೆಗಳು. ಈ ಸಲ ನಾಟಕದ ದಿನವೇ 8 ಕೆ.ಜಿ. ಗಟ್ಟಿ ತಂದೆವು, ರಾತ್ರಿ ತೂಗಿದಾಗ ಏಳರ ಹತ್ತಿರವಿತ್ತು. ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದು, ನಾಲ್ಕು ಸಲ ಜಾಲರಿ ಮುಳುಗಿಸಿದೆವು. ದೃಶ್ಯ ಮುಗಿಯುವ ತನಕ, ಅಂದರೆ ಏಳು ನಿಮಿಷ, ಶಿವಪಾರ್ವತಿಯರ ಮೊಣಕಾಲ ಮಟ್ಟಕ್ಕೆ ಮಂಜು ನಿಂತಿತ್ತು. ವಾದ್ಯದವರಿಗೆ ಎತ್ತರದ ಕಟ್ಟೆ ಹಾಕಿಸಿದ್ದೆವು, ಯಾರಿಗೂ ತೊಂದರೆಯಾಗಲಿಲ್ಲ. ಮಿಕ್ಕ ಮೂರು ಕೆ.ಜಿ.ಯನ್ನು ಮೋರಿಗೆ ಸುರಿಯದೆ, ಬೀಗ ಹಾಕಿದ ಮಾಳಿಗೆಯ ಮೇಲೆ ಬಯಲಿನಲ್ಲಿ ಬಿಟ್ಟೆವು. ಮರುದಿನ ಮಧ್ಯಾಹ್ನ ಹೋಗಿ ನೋಡಿದಾಗ ಗೋಣಿಚೀಲ ಮಾತ್ರ ಇತ್ತು.