ಮಗನಿಗೆ ಹಳೇ ಥಿಂಕ್‌ಪ್ಯಾಡ್ ಕೊಡಿಸಬಹುದಾ? ಬಳಸಿದವರು ಹೇಳಿ

ಕೇಳಿದವರು, ಮಂಡ್ಯ:
ಮಗ ಇಲ್ಲೇ ಮಂಡ್ಯದಲ್ಲಿ ಇಂಜಿನಿಯರಿಂಗ್ ಸೇರಿದ್ದಾನೆ, ಕಂಪ್ಯೂಟರ್ ಸೈನ್ಸ್. ಲ್ಯಾಪ್‌ಟಾಪ್‌ಗೆ ಅಂತ 25 ಸಾವಿರ ಎತ್ತಿಟ್ಟಿದ್ದೇನೆ. ಹೊಸದು ಬೇಡವಂತೆ. ಯಾವುದೋ ಕಂಪನಿಯವರು ಆರೇಳು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡೇ ಬೇಕಂತೆ. ಅವನ ಸೀನಿಯರ್‌ಗಳದ್ದೊಂದು ಗುಂಪಿದೆ, ಅವರ ಬಾಯಲ್ಲಿ ಬೇರೆ ಮಾತೇ ಇಲ್ಲ. ಮೊನ್ನೆ ಒಬ್ಬ ಮನೆಗೆ ಬಂದಿದ್ದ. ಮುದ್ದೆ ಮುರಿಯುವಾಗಲೂ ಕೀಬೋರ್ಡ್ ವರ್ಣನೆ! ನೋಡಿದರೆ ಕಪ್ಪು ಟ್ರಂಕಿನ ಹಾಗಿದೆ. ಇದು ಹುಡುಗರ ಹುಚ್ಚೋ, ಅದರಲ್ಲಿ ನಿಜವಾಗ್ಲೂ ಏನಾದರೂ ಇದೆಯೋ?

ಸರಸ್ವತಿಪುರಂ, ಮೈಸೂರು:
ಎರಡೂ ಹೌದು ಅಣ್ಣ. ನಾನೂ ಆ ಹುಚ್ಚಿನವನೇ. ಮನೆಯಲ್ಲಿ ನಾಲ್ಕಿವೆ, ಒಂದು ಆನ್ ಆಗೋದೇ ಇಲ್ಲ. ಹೆಂಡತಿ ಕೇಳಿದರೆ "ಪಾರ್ಟ್ಸ್‌ಗೆ ಇಟ್ಟಿದ್ದೇನೆ" ಅಂತ ತಪ್ಪಿಸಿಕೊಳ್ಳುತ್ತೇನೆ.

ನಿಮಗೆ ಟ್ರಂಕು ಅನ್ನಿಸಿದ್ದು ಸಹಜ. 1992ರಲ್ಲಿ ಐಬಿಎಂ ಇದನ್ನು ತಂದಾಗ ರೂಪ ಕೊಟ್ಟವರು ರಿಚರ್ಡ್ ಸ್ಯಾಪರ್. ಜಪಾನಿನವರ ಕಪ್ಪು ಊಟದ ಡಬ್ಬಿ ನೋಡಿ ಹೊಳೆದ ಆಕಾರವಂತೆ. ಜಿ, ಎಚ್, ಬಿ ಕೀಗಳ ನಡುವೆ ಒಂದು ಕೆಂಪು ಗುಂಡಿ ಇರುತ್ತೆ, ಮೌಸ್ ಕೆಲಸ ಅದರದ್ದು. ನಾನು ದಿನವಿಡೀ ನುಡಿಯಲ್ಲಿ ಕನ್ನಡ ಟೈಪ್ ಮಾಡುವವನು. ಕೈ ಎತ್ತದೆ, ತೋರುಬೆರಳನ್ನು ಅದರ ಮೇಲೆ ಒತ್ತಿದರೆ ಬಾಣ ಓಡುತ್ತೆ. ಮೊದಲ ವಾರ ಬೈದುಕೊಂಡೆ. ಈಗ ಬೇರೆಯವರ ಲ್ಯಾಪ್‌ಟಾಪ್ ಮುಟ್ಟಿದರೂ ಬೆರಳು ಅಲ್ಲೇ ಹುಡುಕುತ್ತೆ.

ಭಕ್ತಿ ಹುಟ್ಟಿದ್ದು ಮಾತ್ರ ಆ ಗುಂಡಿಯಿಂದಲ್ಲ, ಸ್ಕ್ರೂಡ್ರೈವರ್‌ನಿಂದ. ನನ್ನ ಎಕ್ಸ್ 220 ಮಾಡೆಲ್ ಮೇಲೆ ಒಮ್ಮೆ ಒಂದು ಲೋಟ ಕಾಫಿ ಬಿತ್ತು. ಕೀಬೋರ್ಡ್ ಕೆಳಗೆ ನೀರು ಇಳಿಯಲಿ ಅಂತಲೇ ದಾರಿ ಮಾಡಿರುತ್ತಾರೆ, ಅರ್ಧ ಕಾಫಿ ಟೇಬಲ್ ಮೇಲೆ ಇಳಿಯಿತು. ಸಕ್ಕರೆ ಉಳಿದು ಕೀಗಳು ಅಂಟಿದವು ಅಷ್ಟೇ. ತಿರುಗಿಸಿ ನೋಡಿದರೆ ಯಾವ ಸ್ಕ್ರೂ ಕೀಬೋರ್ಡಿನದು ಅಂತ ಪಕ್ಕದಲ್ಲೇ ಪುಟ್ಟ ಚಿತ್ರ! ಅವನ್ನು ಬಿಚ್ಚಿ, ಕೀಬೋರ್ಡನ್ನು ಪರದೆ ಕಡೆಗೆ ಸ್ವಲ್ಪ ದೂಡಿ ಎತ್ತಿದೆ, ಒಂದೇ ಕನೆಕ್ಟರ್. ಬೇರೆ ಕೀಬೋರ್ಡ್ ಕೂರಿಸಲು ಹತ್ತು ನಿಮಿಷ ಹಿಡಿಯಲಿಲ್ಲ. ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಕಂಪನಿಯೇ ಪುಕ್ಕಟೆ ಕೊಡುತ್ತೆ. ತಾನೇ ಬಿಚ್ಚಿ ಸರಿ ಮಾಡಿದ ವಸ್ತುವಿನ ಮೇಲೆ ಮೋಹ ಜಾಸ್ತಿ ಅಲ್ವಾ?

ಜಗಳಗಳೂ ಇವೆ. 2005ರಲ್ಲಿ ಚೀನಾದ ಲೆನೊವೊ ಕಂಪನಿ ಐಬಿಎಂನಿಂದ ಇದನ್ನು ಕೊಂಡಾಗ "ಮುಗೀತು" ಅಂದರು. 2012ರಲ್ಲಿ ಏಳು ಸಾಲಿನ ಕೀಬೋರ್ಡ್ ಹೋಗಿ ಆರು ಸಾಲಾದಾಗ ಮತ್ತೆ ಗೋಳು. ಕೊನೆಗೆ 2015ರಲ್ಲಿ ಅಲ್ಲಿನ ವಿನ್ಯಾಸದ ಮುಖ್ಯಸ್ಥ ಡೇವಿಡ್ ಹಿಲ್ ಅವರೇ ಹಳೇ ಥರದ್ದು ತರೋಣವಾ ಅಂತ ಜನರನ್ನು ಕೇಳಿದರು. 2017ರಲ್ಲಿ 25ನೇ ವರ್ಷದ ನೆನಪಿಗೆ ಏಳು ಸಾಲಿನದು ಮತ್ತೆ ಬಂತು, ಕೆಲವೇ ಕೆಲವು. ನನಗೆ ಸಿಗಲಿಲ್ಲ, ಆ ಹೊಟ್ಟೆಯುರಿ ಇನ್ನೂ ಇದೆ.

ಕುವೆಂಪುನಗರ, ಮೈಸೂರು:
ಇಂಥವರ ಮಾತು ಕೇಳಿ ಕೆಟ್ಟವಳು ನಾನು. ನಮ್ಮ ದೊಡ್ಡಮ್ಮನ ಮಗ ಇದೇ ಎಕ್ಸ್ 220 ಹೊಗಳಿ ಹೊಗಳಿ ಕೊಡಿಸಿದ. ಅದು 2011ರ ಮಾಡೆಲ್. ನನಗೆ ಬೇಕಿದ್ದದ್ದು ವಿಡಿಯೋ ಎಡಿಟಿಂಗ್‌ಗೆ. ಹನ್ನೆರಡೂವರೆ ಇಂಚಿನ ಪರದೆ, ಟೈಮ್‌ಲೈನ್ ಇಟ್ಟರೆ ಚಿತ್ರ ಅಂಚೆ ಚೀಟಿಯಷ್ಟು. "ಕೀಬೋರ್ಡ್ ಹೇಗಿದೆ ಹೇಳು" ಅಂತಾನೆ! ಆರು ತಿಂಗಳಿಗೆ ಅವನಿಗೇ ವಾಪಸ್ ಕೊಟ್ಟೆ. ಖುಷಿಯಿಂದ ತಗೊಂಡ. ಅವನ ಪ್ಲಾನೇ ಅದಾಗಿತ್ತೇನೋ.

ರಿಪೇರಿ ಅಂಗಡಿ, ಮೈಸೂರು:
ಸಾರ್, ಪ್ರೀತಿ ವಿಷಯ ಅವರು ನೋಡಿಕೊಳ್ಳಲಿ, ಕೊಳ್ಳುವಾಗ ಏನು ನೋಡಬೇಕು ಅಂತ ನಾನು ಹೇಳುತ್ತೇನೆ. 2018ರ ಟಿ 480 ನೋಡಿ. ಇಂಟೆಲ್ ಎಂಟನೇ ಪೀಳಿಗೆಯದ್ದೇ ಇರಲಿ, ವಿಂಡೋಸ್ 11 ನೆಟ್ಟಗೆ ಹಾಕಬಹುದು. ಟಿ 470 ಅಗ್ಗ ಅಂತ ತೋರಿಸುತ್ತಾರೆ, ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್‌ಗೇ ನಿಂತಿತು. ವಿಂಡೋಸ್ ಬದಲು ಲಿನಕ್ಸ್ ಹಾಕುವ ಹುಡುಗನಾದರೆ ಆ ಮಾತು ಬೇರೆ.

ಹೆಸರಿನ ಕೊನೆಗೆ "ಎಸ್" ಇದ್ದರೆ ತೆಳ್ಳಗಿರುತ್ತೆ, ಆದರೆ ಒಂದು ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತೆ. "ಎಸ್" ಇಲ್ಲದ ಟಿ 480ರಲ್ಲಿ ರ‍್ಯಾಮ್ ಎರಡೂ ಬದಲಿಸಬಹುದು. ಬ್ಯಾಟರಿಯೂ ಎರಡು, ಒಳಗೊಂದು ಹೊರಗೊಂದು. ಒಳಗಿನದರಲ್ಲಿ ಚಾರ್ಜ್ ಇದ್ದರೆ ಆಫ್ ಮಾಡದೆ ಹೊರಗಿನದು ಬದಲಿಸಬಹುದು.

ಪರದೆ 1920×1080 ಪಿಕ್ಸೆಲ್ ಇದೆಯಾ ಕೇಳಿ. 1366×768ರದ್ದೂ ಬಂದಿತ್ತು, ಪಕ್ಕದಿಂದ ನೋಡಿದರೆ ಮಂಕು. ಹುಡುಗರು ಇದನ್ನು ಹೇಳೋದಿಲ್ಲ, ಅವರ ಕಣ್ಣು ಕೀಬೋರ್ಡ್ ಮೇಲೆ. ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತಾ ನೋಡಿ. ಥಂಡರ್‌ಬೋಲ್ಟ್ ಫರ್ಮ್‌ವೇರ್ (ಪೋರ್ಟ್ ನಡೆಸುವ ಒಳಗಿನ ತಂತ್ರಾಂಶ) ಹಳೆಯದಿದ್ದರೆ ಆ ಪೋರ್ಟ್ ಕೈಕೊಡುತ್ತೆ, ಅಪ್‌ಡೇಟ್ ಬಂದಿದೆ, ತಂದ ದಿನವೇ ಹಾಕಿಸಿ.

ಎಲ್ಲಕ್ಕಿಂತ ಮುಖ್ಯ, ಆನ್ ಆಗುವಾಗ ಎಫ್ 1 ಒತ್ತಿಸಿ, ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯೋಸ್ ತೆರೆಯಬೇಕು. ಬಯೋಸ್‌ಗೆ ಪಾಸ್‌ವರ್ಡ್ ಕೇಳಿದರೆ ಎದ್ದು ಬನ್ನಿ. ಕಂಪನಿಯವರು ಹಾಕಿ ಮರೆತದ್ದು. ಬೋರ್ಡಿನ ಪುಟ್ಟ ಸೆಲ್ ತೆಗೆದು ಹಾಕಿದರೆ ಹೋಗುವ ಬೀಗ ಅಲ್ಲ ಅದು.

ಜಯಲಕ್ಷ್ಮೀಪುರಂ, ಮೈಸೂರು:
ಆಪಲ್ ಭಕ್ತರು ಹೊಸದು ಬಂದ ದಿನ ಕ್ಯೂ ನಿಲ್ಲುತ್ತಾರೆ. ಇವರು ಕಂಪನಿಗಳು ಹಳೆಯದನ್ನು ಯಾವಾಗ ಮಾರುತ್ತಾವೆ ಅಂತ ಕಾಯುತ್ತಾರೆ. ಅಪ್ಪಂದಿರ ಜೇಬಿಗೆ ಈ ಭಕ್ತಿಯೇ ವಾಸಿ.

ಕೇಳಿದವರು, ಮಂಡ್ಯ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮಗನ ಜೊತೆ ಮೈಸೂರಿಗೆ ಹೋಗಿದ್ದೆ. ಮೊದಲ ಅಂಗಡಿಯಲ್ಲಿ ಎಫ್ 1 ಒತ್ತಿಸಿದೆ, ಪಾಸ್‌ವರ್ಡ್ ಕೇಳಿತು. "ಅದೇನೂ ತೊಂದರೆ ಇಲ್ಲ ಸಾರ್" ಅಂದರು. ಎದ್ದು ಬಂದೆವು. ಮಗ ನನ್ನ ಮುಖ ನೋಡಿದ, ಇದೆಲ್ಲ ಅಪ್ಪನಿಗೆ ಹೇಗೆ ಗೊತ್ತು ಅಂತ. ಮೂರನೇ ಅಂಗಡಿಯಲ್ಲಿ ಟಿ 480 ಸಿಕ್ಕಿತು, ಒಳ್ಳೇ ಪರದೆಯದ್ದೇ. ಕೆಂಪು ಗುಂಡಿಯ ಮೇಲಿನ ಟೋಪಿ ಸವೆದು ನುಣ್ಣಗಾಗಿದೆ. ಹೊಸ ಟೋಪಿ ಯಾವ ಥರದ್ದು ಹಾಕಬೇಕು ಅಂತ ಸೀನಿಯರ್‌ಗಳು ಆಗಲೇ ಎರಡು ಪಂಗಡ ಆಗಿದ್ದಾರೆ, ಅದು ನನಗೆ ಬೇಡ. ಆದರೆ ಹೊರಗಿನ ಬ್ಯಾಟರಿ ಮುಕ್ಕಾಲು ಗಂಟೆಗೇ ಮಲಗುತ್ತಿದೆ. ಒರಿಜಿನಲ್ ಹೌದೋ ಅಲ್ಲವೋ ಗುರುತಿಸೋದು ಹೇಗೆ, ಯಾರಾದರೂ ಹೇಳಿ.